ಇಳಿಯುವ ಬಾಣ

“ಇದು ನಡೆಯಲ್ಲ,” ಎಂದು ಧೂಳಪ್ಪ ನಮ್ಮ ಅರ್ಜಿಯನ್ನು ಮೂರನೇ ಸಲ ನಗರಸಭೆಯ ದಾಖಲೆ ಕೋಣೆಯ ಕಿಂಡಿಯಿಂದ ಹೊರಗೆ ತಳ್ಳಿದ.

“ಈಗೇನಪ್ಪಾ ನಿಂದು?” ಎಂದರು ಕೋರ್ಟಮ್ಮ.

“ಹೊಸ ಆಸ್ತಿ ನಂಬರ್ ಬರೆದಿದ್ದೀರಿ. ಹಳೇದು ಬರೆದಿಲ್ಲ. ಮನೆಗಳಿಗೆಲ್ಲ ನಂಬರ್ ಬದಲಾಯಿಸಿ ಹನ್ನೊಂದು ವರ್ಷ ಆಯ್ತು ತಾಯಿ. ಫೈಲು ಮಲಗಿರೋದು ಹಳೇ ನಂಬರಿನಲ್ಲಿ. ಹೊಸ ನಂಬರ್ ಹಿಡ್ಕೊಂಡು ಒಳಗೆ ಹೋದ್ರೆ ಯಾರದೋ ಕೋಳಿಗೂಡಿನ ಪರವಾನಗಿ ಸಿಗುತ್ತೆ, ಅಷ್ಟೆ.”

“ಹಳೇ ನಂಬರ್ ಎಲ್ಲಿ ಸಿಗುತ್ತೆ?”

“ಫೈಲಿನಲ್ಲಿ.”

ಕೋರ್ಟಮ್ಮ ಮೂವತ್ತು ವರ್ಷ ನ್ಯಾಯಾಲಯದಲ್ಲಿ ಟೈಪಿಸ್ಟ್ ಆಗಿದ್ದವರು. ನಿವೃತ್ತಿಯಾದ ಮೇಲೆ ಊರಿನವರ ತೊಂದರೆಗಳ ಜಾಡು ಹಿಡಿಯುವುದನ್ನೇ ಕಸುಬು ಮಾಡಿಕೊಂಡಿದ್ದರು. ನಾನು ಅವರ ಚೀಲ ಹೊರುವವಳು. ಸ್ಥಳದ ನಕ್ಷೆ ಬರೆದುಕೊಡುವವಳು. ಅವರು ಬಾಯಿ ತೆರೆಯುವ ಮೊದಲೇ ನಾನು ನನ್ನ ನೋಟ್‌ಬುಕ್ಕಿನ ಹಾಳೆ ತಿರುಗಿಸಿ ಅವರ ಮುಂದೆ ಹಿಡಿದೆ. ಕುಸಿದ ಮನೆಯ ಬಾಗಿಲ ಚೌಕಟ್ಟಿನ ಮೇಲೆ, ಎರಡು ಪದರ ಹಸಿರು ಬಣ್ಣದ ಅಡಿಯಲ್ಲಿ ಉಬ್ಬಿಕೊಂಡಿದ್ದ ಅಂಕಿಗಳನ್ನು ಬೆರಳಿನಿಂದ ಸವರಿ ಬರೆದುಕೊಂಡಿದ್ದೆ.

“ನೋಡಿದ್ಯಾ?” ಕೋರ್ಟಮ್ಮ ಧೂಳಪ್ಪನಿಗೆ ಹೇಳಿದರು. “ನಮ್ಮ ಹುಡುಗಿ ಬಾಯಿ ಬಿಡಲ್ಲ. ಕಣ್ಣು ಮಾತ್ರ ಬಿಡುತ್ತೆ.”

ಆ ಹೊಗಳಿಕೆ ಕೇಳಿ ನನಗೆ ಖುಷಿಯಾಗಿತ್ತು. ಇನ್ನು ಅರ್ಧ ಗಂಟೆ ಮಾತ್ರ ಅದು ಉಳಿಯುತ್ತದೆಂದು ಗೊತ್ತಿರಲಿಲ್ಲ.

ಧೂಳಪ್ಪ ಹಳೇ ನಂಬರನ್ನು ಅರ್ಜಿಗೆ ಸೇರಿಸಿಕೊಂಡು ಮೊಹರು ಕುಟ್ಟಿದ. “ನಿಯಮದ ಪ್ರಕಾರ ಹೇಳ್ತಿದೀನಿ. ನೋಡಬಹುದು, ಫೋಟೋ ತೆಗೆಯೋ ಹಾಗಿಲ್ಲ. ಪೆನ್ನು ಬೇಡ, ಪೆನ್ಸಿಲ್ ಮಾತ್ರ. ದೃಢೀಕರಿಸಿದ ನಕಲು ಬೇಕಾದ್ರೆ ಏಳು ದಿನ. ಮತ್ತೆ, ಯಾರಾದ್ರೂ ಫೈಲು ಕೇಳಿದ್ರೆ ಮಾಲೀಕರಿಗೆ ತಿಳಿಸಬೇಕು. ನಿನ್ನೆ ನೀವು ಮೊದಲನೇ ಅರ್ಜಿ ಕೊಟ್ರಲ್ಲ, ಆಗಲೇ ತಿಳಿಸಾಯ್ತು.”

“ಅರ್ಜಿ ತಪ್ಪು ಅಂತ ನಮ್ಮನ್ನ ವಾಪಸ್ ಕಳಿಸಿದ್ರಿ. ಅವರಿಗೆ ಮಾತ್ರ ಸರಿಯಾಗಿ ತಿಳಿಸಿಬಿಟ್ರಾ?”

“ತಿಳಿಸೋದಕ್ಕೆ ಹೊಸ ನಂಬರ್ ಸಾಕು,” ಎಂದ ಧೂಳಪ್ಪ. ಅವನು ತಮಾಷೆ ಮಾಡುತ್ತಿರಲಿಲ್ಲ.

ಏಳು ದಿನ ನಮ್ಮ ಬಳಿ ಇರಲಿಲ್ಲ. ಆರು ವಾರದ ಹಿಂದೆ ಆ ಮನೆಯ ಮಹಡಿ ಕುಸಿದು, ಕೆಳಗೆ ಅಂಗಡಿ ಇಟ್ಟುಕೊಂಡಿದ್ದ ಗಡಿಯಾರ ರಿಪೇರಿಯವರು ಸತ್ತಿದ್ದರು. ಅಂಗಡಿಗೂ ಒಳಕೋಣೆಗೂ ನಡುವೆ ಮಹಡಿಯ ಭಾರ ಹೊರುವ ಗೋಡೆ ಇತ್ತು, ಬಾಡಿಗೆಗಿದ್ದವನೇ ಅದನ್ನು ಒಡೆದು ಜಾಗ ದೊಡ್ಡದು ಮಾಡಿಕೊಂಡ ಎಂದು ಮಾಲೀಕ ಹೇಳುತ್ತಿದ್ದ. ಗೋಡೆಯೇ ಇರಲಿಲ್ಲ ಎಂದು ಸತ್ತವರ ಹೆಂಡತಿ ಹೇಳುತ್ತಿದ್ದರು. ನಾಳಿದ್ದು ನಗರಸಭೆಯಲ್ಲಿ ವಿಚಾರಣೆ. ಗೋಡೆ ಇತ್ತೆಂದಾದರೆ ಸತ್ತವರೇ ತಪ್ಪಿತಸ್ಥರು. ಕುಸಿಯದೆ ಉಳಿದಿರುವ ಒಂದು ಮೂಲೆಯನ್ನೂ ಅವರ ಹೆಂಡತಿ ಬಿಡಬೇಕು.

ಎಲ್ಲರೂ ಗಡಿಯಾರದಮ್ಮ ಎನ್ನುತ್ತಿದ್ದ ಆ ಹೆಂಗಸು ಹೊರಗೆ ಬೆಂಚಿನ ಮೇಲೆ ಕೂತಿದ್ದರು. ಮಡಿಲಲ್ಲಿ ಒಂದು ಬಟ್ಟೆಚೀಲ. ಗಂಡ ರಿಪೇರಿ ಮಾಡಿಟ್ಟಿದ್ದ ಕೈಗಡಿಯಾರಗಳನ್ನು ಗಿರಾಕಿಗಳ ಮನೆಮನೆಗೆ ಹೋಗಿ ಹಿಂದಿರುಗಿಸುತ್ತಿದ್ದರು. ಚೀಲದೊಳಗೆ ಹತ್ತಿಪ್ಪತ್ತು ಗಡಿಯಾರ ಒಟ್ಟಿಗೇ ಟಿಕ್ ಟಿಕ್ ಎನ್ನುತ್ತಿದ್ದವು. ಅವರು ಬಂದರೆ ಕಣ್ಣಿಗೆ ಕಾಣುವ ಮೊದಲೇ ಕಿವಿಗೆ ತಿಳಿಯುತ್ತಿತ್ತು.

ಫೈಲು ಬಂತು. ಧೂಳಪ್ಪ ಅದನ್ನು ಮೇಜಿನ ಮೇಲೆ ಇಟ್ಟ ರಭಸಕ್ಕೆ ಅವನಿಗೆ ಆ ಹೆಸರು ಯಾಕೆ ಬಂತೆಂದು ನಮ್ಮಿಬ್ಬರಿಗೂ ಸೀನು ಬರುವಷ್ಟು ಸ್ಪಷ್ಟವಾಯಿತು.

ಒಳಗೆ ಮೂರೇ ಕಾಗದ. ಮಾಲೀಕತ್ವದ ಹಾಳೆ. ಕಟ್ಟಡದ ಪರವಾನಗಿ ಪತ್ರ. ನಾಲ್ಕು ಮಡಿಕೆಯ ಒಂದು ನಕ್ಷೆ. ನಕ್ಷೆಯ ಮೇಲೆ ಹದಿನೆಂಟು ವರ್ಷ ಹಿಂದಿನ ತಾರೀಖು.

“ನೀನೇ ನೋಡು,” ಎಂದರು ಕೋರ್ಟಮ್ಮ. “ನಂಗೆ ನಕ್ಷೆ ಅಂದ್ರೆ ಇರುವೆ ಸಾಲು.”

ಬಿಡಿಸಿದೆ. ಅಂಗಡಿ, ಒಳಕೋಣೆ, ಹಿಂದೆ ಸ್ನಾನದ ಮನೆ. ಅಂಗಡಿಗೂ ಒಳಕೋಣೆಗೂ ನಡುವೆ ಎರಡು ದಪ್ಪ ಗೆರೆ. ಗೋಡೆ. ಒಂಬತ್ತು ಅಂಗುಲ ಎಂದು ಪಕ್ಕದಲ್ಲೇ ಬರೆದಿತ್ತು.

ಗೋಡೆ ನೋಡಿ ನನಗೆ ಬೇಸರವಾಯಿತು. ಮೈ ತಣ್ಣಗಾದದ್ದು ಅದರ ಪಕ್ಕದಲ್ಲಿದ್ದ ಮೆಟ್ಟಿಲು ನೋಡಿ.

ನಕ್ಷೆಯಲ್ಲಿ ಮೆಟ್ಟಿಲು ಬರೆದರೆ ಅದರ ಮೇಲೊಂದು ಬಾಣ ಹಾಕಬೇಕು. ಬಾಣದ ತುದಿ ಯಾವಾಗಲೂ ಹತ್ತುವ ಕಡೆಗಿರಬೇಕು. ಈ ಕೆಲಸ ಮಾಡುವವರಿಗೆಲ್ಲ ಅದು ಗೊತ್ತು. ಈ ನಕ್ಷೆಯಲ್ಲಿ ಬಾಣ ಕೆಳಕ್ಕೆ ಇಳಿಯುತ್ತಿತ್ತು.

ಬಾಣವನ್ನು ಹಾಗೆ ಹಾಕಿದವಳು ನಾನು.

ಎಂಟನೇ ಕ್ಲಾಸಿಗೆ ಶಾಲೆ ಬಿಟ್ಟ ಮೇಲೆ ಅಕ್ಕನ ಮನೆ ಸೇರಿದೆ. ಭಾವನದು ಮನೆನಕ್ಷೆ ಬರೆಯುವ ಕಚೇರಿ. ಅಡಿಯಲ್ಲಿ ದೀಪವಿದ್ದ ಗಾಜಿನ ಮೇಜಿನ ಮೇಲೆ ಹಳೆಯ ಹಾಳೆ, ಅದರ ಮೇಲೆ ಹೊಸ ಹಾಳೆ ಇಟ್ಟು ಇಂಕಿನಲ್ಲಿ ಎಳೆಯುವುದು ನನ್ನ ಕೆಲಸ. ಗೆರೆ, ಅಳತೆ, ತಾರೀಖು, ಸಹಿ, ಏನಿದ್ದರೂ ಇದ್ದ ಹಾಗೇ. ‘ಅರ್ಥ ಮಾಡ್ಕೋಬೇಡ, ಎಳಿ,’ ಎನ್ನುತ್ತಿದ್ದರು ಭಾವ.

ಹದಿನೈದನೇ ವಯಸ್ಸಿನಲ್ಲಿ ಒಂದು ಹಾಳೆ ಬಂತು. ಮಡಿಕೆ ಬಿದ್ದ ಕಡೆ ಸವೆದು, ಮೆಟ್ಟಿಲ ಬಾಣದ ತುದಿಯೇ ಮಾಯವಾಗಿತ್ತು. ನಾನೇ ಯೋಚಿಸಿ ತುದಿ ಹಾಕಿದೆ. ಆಗ ನಾನು ಅಟ್ಟದಲ್ಲಿ ಮಲಗುತ್ತಿದ್ದೆ. ಬೆಳಿಗ್ಗೆ ಅಕ್ಕ ಕೂಗಿದರೆ ದಡಬಡ ಇಳಿಯುತ್ತಿದ್ದೆ. ನನ್ನ ಪಾಲಿಗೆ ಮೆಟ್ಟಿಲು ಅಂದರೆ ಇಳಿಯುವುದು. ಭಾವ ನೋಡಿ ಸ್ಕೇಲಿನಿಂದ ಬೆರಳ ಗೆಣ್ಣಿಗೆ ಬಾರಿಸಿದರು. ಮತ್ತೆ ಬರೆಯಲು ಹೊತ್ತಿಲ್ಲವೆಂದು ಹಾಗೇ ಕಳಿಸಿದರು. ಆ ತಪ್ಪನ್ನು ನಾನು ಜೀವನದಲ್ಲಿ ಮಾಡಿದ್ದು ಒಂದೇ ಒಂದು ಸಲ.

ಅದು ಏಳು ವರ್ಷದ ಹಿಂದಿನ ಮಾತು. ಈ ಹಾಳೆಯ ಮೇಲಿನ ತಾರೀಖು ನಿಜವಾದರೆ ಇದನ್ನು ಬರೆದಾಗ ನನಗೆ ನಾಲ್ಕು ವರ್ಷ.

“ಏನಾದ್ರೂ ಕಾಣ್ತಾ?” ಕೋರ್ಟಮ್ಮ ಕೇಳಿದರು.

ಈಗಲೂ ಅಕ್ಕನ ಮನೆಯ ಅಟ್ಟದಲ್ಲೇ ನನ್ನ ಹಾಸಿಗೆ. ಈಗಲೂ ಭಾವನ ಮನೆಯ ಅನ್ನ.

“ಏನೂ ಇಲ್ಲ ಅಮ್ಮಾ,” ಎಂದೆ. “ಗೋಡೆ ಇದೆ.”

ನನ್ನ ಮುಖ ಅವರಿಗೆ ಕಾಣದಿರಲಿ ಎಂದು ಪೆನ್ಸಿಲ್ ಚೂಪು ಮಾಡುವ ನೆಪ ಹೇಳಿ ಹೊರಗೆ ಬಂದೆ. ಅಲ್ಲಿ ಗಡಿಯಾರದಮ್ಮ ಎದ್ದು ನಿಂತರು.

“ನೋಡಿದ್ಯಾ ಮಗಾ? ಇದೆಯಾ ಗೋಡೆ?”

ಅವರಿಗಾದರೂ ಹೇಳಬಹುದಿತ್ತು. ನಾಲಿಗೆ ತುದಿಗೆ ಬಂತು. ಹೊರಬಿದ್ದದ್ದು ಬೇರೆಯೇ ಮಾತು.

“ಇದೆ.”

ಅವರು ಮತ್ತೆ ಕೂತರು. ಚೀಲದ ದಾರವನ್ನು ಬೆರಳಿಗೆ ಸುತ್ತಿ ಬಿಚ್ಚಿದರು.

“ಹತ್ತು ವರ್ಷ ಗುಡಿಸಿದೀನಿ ಅಲ್ಲಿ,” ಎಂದರು. “ಅಂಗಡಿಯಿಂದ ಒಳಗಿನ ತನಕ ಪೊರಕೆ ಎಲ್ಲೂ ನಿಲ್ತಿರಲಿಲ್ಲ. ನಾನಿಲ್ದೇ ಇರುವಾಗ ಇವರು ಒಡೆದ್ರಾ? ತವರಿಗೆ ಹೋಗಿದ್ದೆ ಒಂದ್ಸಲ, ಹದಿನೈದು ದಿನ. ಆಗೇನಾದ್ರೂ… ನಂಗೇ ಮರ್ತುಹೋಯ್ತಾ? ಗೋಡೆ ಇದ್ದದ್ದೂ ಮರೆಯುತ್ತಾ ಯಾರಿಗಾದ್ರೂ?”

ನನ್ನ ಬಳಿ ಉತ್ತರವಿತ್ತು. ಆ ಉತ್ತರವನ್ನು ಬಾಯಲ್ಲಿಟ್ಟುಕೊಂಡು, ಚೂಪಾಗಿದ್ದ ಪೆನ್ಸಿಲನ್ನೇ ಮತ್ತೆ ಚೂಪು ಮಾಡುತ್ತಾ ನಿಂತೆ. ಕಾಲಡಿ ಪೆನ್ಸಿಲ್ ಸಿಪ್ಪೆಯ ಗುಡ್ಡೆ ಬಿತ್ತು. ಜಾಡಮಾಲಿ ಬಂದು, “ಮರವನ್ನೇ ಕೆತ್ತುತ್ತಿದ್ದೀಯೇನಮ್ಮಾ?” ಎಂದು ಗೊಣಗಿ ಗುಡಿಸಿದ.

ಒಳಗೆ ಹೋದಾಗ ಕೋರ್ಟಮ್ಮ ಮೂರು ಕಾಗದಗಳನ್ನೂ ಒಂದರ ಪಕ್ಕ ಒಂದು ಜೋಡಿಸಿ, ಕನ್ನಡಕ ತೆಗೆದು ಮೂಗು ಹಾಳೆಗೆ ತಾಗುವಷ್ಟು ಬಗ್ಗಿದ್ದರು.

“ಧೂಳಪ್ಪಾ, ಬಾ ಇಲ್ಲಿ. ಈ ಮೂಲೆ ನೋಡು. ಎರಡು ಕಾಗದದಲ್ಲೂ ಗುಂಡುಸೂಜಿಯ ತುಕ್ಕು. ಒಂದೇ ಜಾಗದಲ್ಲಿ. ಅಂದ್ರೆ ವರ್ಷಗಟ್ಟಲೆ ಒಟ್ಟಿಗೆ ಇದ್ದವು. ನಕ್ಷೆಯಲ್ಲಿ ತುಕ್ಕು ಎಲ್ಲಿ?”

ಧೂಳಪ್ಪ ನೋಡಿದ. ಮೊದಲ ಬಾರಿಗೆ ಅವನು ನಿಯಮ ಹೇಳಲಿಲ್ಲ.

“ಕಾನೂನು ಗೊತ್ತಿಲ್ಲ ನಂಗೆ. ಗುಂಡುಸೂಜಿ ಗೊತ್ತು,” ಎಂದರು ಕೋರ್ಟಮ್ಮ. “ಈ ನಕ್ಷೆ ಆಮೇಲೆ ಬಂದು ಕೂತಿದೆ. ಫೈಲು ಯಾವತ್ತು ಹೊರಗೆ ಹೋಗಿತ್ತು?”

“ಅದಕ್ಕೆ ಬೇರೆ ಅರ್ಜಿ…”

“ಬರೀತೀನಿ. ಹಳೇ ನಂಬರ್, ಹೊಸ ನಂಬರ್, ನಿನ್ನ ಜಾತಕ, ಎಲ್ಲ ಬರೀತೀನಿ. ಅಲ್ಲೀ ತನಕ ಹುಡುಕು.”

ಆ ಕೋಣೆಗೆ ಒಂದು ಪದ್ಧತಿಯಿತ್ತು. ಫೈಲು ಹೊರಗೆ ಹೋದರೆ ಅದರ ಜಾಗದಲ್ಲಿ ಒಂದು ರಟ್ಟಿನ ಚೀಟಿ ನಿಲ್ಲಿಸುತ್ತಾರೆ. ಯಾರು ಒಯ್ದರು, ಯಾಕೆ, ಏನು ವಾಪಸ್ ಬಂತು, ಯಾರು ತಂದರು ಎಂದು ಅದರಲ್ಲಿ ಬರೆದಿರುತ್ತದೆ. ಫೈಲು ಬಂದ ಮೇಲೆ ಚೀಟಿಯನ್ನು ಎಸೆಯಬಹುದು. ಧೂಳಪ್ಪನಾಗಲಿ, ಅವನಿಗಿಂತ ಮುಂಚೆ ಇದ್ದವನಾಗಲಿ ಒಂದನ್ನೂ ಎಸೆದಿರಲಿಲ್ಲ. ಬಿಸ್ಕತ್ತಿನ ಡಬ್ಬಿಗಳಲ್ಲಿ ವರ್ಷವಾರು ತುಂಬಿಟ್ಟಿದ್ದರು.

ಡಬ್ಬಿಗಳ ಮುಚ್ಚಳ ತೆಗೆಯುವ ಸದ್ದು ಒಂದೊಂದಾಗಿ ಕೇಳಿತು. ಕಿಟಕಿ ಪಕ್ಕ ನಿಂತು ನಾನು ವರ್ಷಗಳನ್ನು ಎಣಿಸುತ್ತಿದ್ದೆ. ಐದನೆಯದು. ಆರನೆಯದು. ಏಳನೆಯ ಡಬ್ಬಿಗೆ ಅವನು ಬಂದಾಗ ನನಗೆ ತಟ್ಟನೆ ಇನ್ನೊಂದು ನೆನಪಾಯಿತು.

ಆ ದಿನ ಭಾವ ನನ್ನ ಕೈಗೆ ಒಂದು ಸುರುಳಿ ಕೊಟ್ಟು ಇಲ್ಲಿಗೇ ಕಳಿಸಿದ್ದರು. ಕಿಂಡಿಯಲ್ಲಿದ್ದವರು, “ಸಹಿ ಹಾಕಮ್ಮಾ,” ಎಂದಿದ್ದರು. ಅಲ್ಲಿಯವರೆಗೆ ನನ್ನ ಸಹಿಯನ್ನು ಯಾರೂ ಕೇಳಿರಲಿಲ್ಲ. ಇಡೀ ಹೆಸರು ಬರೆದು, ಅಡಿಯಲ್ಲಿ ಡೊಂಕು ಗೆರೆ ಎಳೆದು, ದಾರಿಯುದ್ದಕ್ಕೂ ಹಿಗ್ಗುತ್ತಾ ಮನೆಗೆ ಹೋಗಿದ್ದೆ.

“ಸಿಕ್ತು,” ಎಂದ ಧೂಳಪ್ಪ. ಓದಿದ. “ಮೂಲ ನಕ್ಷೆ ಹರಿದಿರುವುದರಿಂದ, ಬ್ಯಾಂಕ್ ಸಾಲಕ್ಕೆಂದು ಮಾಲೀಕರ ಕೋರಿಕೆಯಂತೆ ನಕಲು ಮಾಡಲು ಕೊಟ್ಟಿದೆ. ವಾಪಸ್ ಬಂದದ್ದು, ನಕಲು ಒಂದು. ಮೂಲ…” ಅವನು ಚೀಟಿ ತಿರುಗಿಸಿದ. “ಮೂಲ ಬಂದೇ ಇಲ್ಲ.”

“ತಂದುಕೊಟ್ಟವರು?”

ಧೂಳಪ್ಪ ಚೀಟಿಯನ್ನು ಕೋರ್ಟಮ್ಮನ ಕೈಗೆ ಕೊಟ್ಟ. ಅವರು ಕನ್ನಡಕ ಹಾಕಿಕೊಂಡು ಆ ಹೆಸರನ್ನು ಮನಸ್ಸಿನಲ್ಲೇ ಓದಿದರು. ಡೊಂಕು ಗೆರೆಯ ಮೇಲೆ ಬೆರಳು ಆಡಿಸಿದರು. ನನ್ನ ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ಅದೇ ಹೆಸರು, ಅದೇ ಡೊಂಕು ಗೆರೆ ಇದೆ.

“ಧೂಳಪ್ಪಾ, ಕುಡಿಯೋಕೆ ಒಂದು ಲೋಟ ನೀರು ತರ್ತೀಯಾ?” ಎಂದರು.

ಅವನು ಹೋದ.

“ಬೆಳಿಗ್ಗೆಯಿಂದ ಗೊತ್ತಿತ್ತಾ?”

“ಬಾಣ ನೋಡಿದಾಗಿಂದ,” ಎಂದೆ. ಆಮೇಲೆ ಎಲ್ಲವನ್ನೂ ಹೇಳಿದೆ. ಗಾಜಿನ ಮೇಜು, ಭಾವ, ಬಾಣ, ಸ್ಕೇಲು. ನೆಲ ನೋಡುತ್ತಲೇ ಹೇಳಿದೆ.

ಅವರು ಬೈಯುತ್ತಾರೆಂದು ಕಾದೆ. ಬೈಯಲಿಲ್ಲ.

“ಹದಿನೈದು ವರ್ಷದ ಹುಡುಗಿ ಎಳೆದದ್ದಕ್ಕೆ ನಾನೇನೂ ಹೇಳಲ್ಲ,” ಎಂದರು. “ಇಪ್ಪತ್ತೆರಡು ವರ್ಷದವಳು ಈಗಷ್ಟೇ ಹೊರಗೆ ಹೋಗಿ ಆ ಹೆಂಗಸಿಗೆ ‘ಇದೆ’ ಅಂದಳಲ್ಲ. ಬಾಗಿಲು ತೆಗೆದೇ ಇತ್ತು. ಕೇಳಿಸ್ತು ನಂಗೆ.”

ಕೆನ್ನೆಗೆ ಹೊಡೆದಿದ್ದರೆ ಇಷ್ಟು ಬಿಸಿಯಾಗುತ್ತಿರಲಿಲ್ಲ.

ನೀರು ತಂದ ಧೂಳಪ್ಪ ತನಗೆ ತಾನೇ ಎಂಬಂತೆ, “ಈ ಚೀಟಿಯಿಂದ ಏನೂ ಆಗಲ್ಲ ತಾಯಿ,” ಎಂದ. “ನಕಲು ಅಂದ್ರೆ ನಕಲು. ಮೂಲದಲ್ಲೂ ಗೋಡೆ ಇತ್ತು ಅಂತಾನೆ ಮಾಲೀಕ. ಇಲ್ಲ ಅನ್ನೋರು ಮೂಲ ತರಬೇಕು. ಏಳು ವರ್ಷ ಆಯ್ತು, ಯಾವ ಒಲೆಗೆ ಹೋಯ್ತೋ.”

“ಒಲೆಗೆ ಹೋಗಿಲ್ಲ,” ಎಂದೆ.

ಇಬ್ಬರೂ ನನ್ನತ್ತ ತಿರುಗಿದರು.

ಅಂಚಿಗೆ ಬಟ್ಟೆಪಟ್ಟಿ ಅಂಟಿಸಿದ್ದ ಗಟ್ಟಿ ಹಾಳೆ ಅದು. ಸುಡು ಎಂದು ಭಾವ ಅಕ್ಕನಿಗೆ ಕೊಟ್ಟಿದ್ದರು. ಗಟ್ಟಿಯಾದದ್ದನ್ನು ಸುಡಲು ಅಕ್ಕನಿಗೆ ಯಾವತ್ತೂ ಮನಸ್ಸು ಬರುವುದಿಲ್ಲ. “ನಿನ್ನ ಟ್ರಂಕಿನ ತಳಕ್ಕೆ ಹಾಸ್ಕೋ, ತುಕ್ಕು ಬಟ್ಟೆಗೆ ಹತ್ತಲ್ಲ,” ಎಂದು ನನಗೆ ಕೊಟ್ಟಿದ್ದಳು. ಇಂಕು ಬಟ್ಟೆಗೆ ಅಂಟದಿರಲಿ ಎಂದು ಗೆರೆಯ ಕಡೆ ಕೆಳಗೆ ಮಾಡಿ ಹಾಸಿದ್ದೆ. ಏಳು ವರ್ಷ ಅದರ ಬೆನ್ನಿನ ಮೇಲೆ ನನ್ನ ಬಟ್ಟೆ ಮಡಿಸಿಟ್ಟಿದ್ದೆ.

“ಓಡು,” ಎಂದರು ಕೋರ್ಟಮ್ಮ. “ನಾಲ್ಕಕ್ಕೆ ಇವನು ಬೀಗ ಹಾಕ್ತಾನೆ. ಅಲ್ಲೀವರೆಗೆ ನಾನು ಈ ಫೈಲು ಬಿಟ್ಟು ಅಲ್ಲಾಡಲ್ಲ. ಗಡಿಯಾರದಮ್ಮನ್ನ ನಿನ್ನ ಹಿಂದೆಯೇ ಕಳಿಸ್ತೀನಿ. ಹಾಳೆ ಮೊದಲು ಅವರ ಕೈಗೇ ಕೊಡು. ಹೇಳಬೇಕಾದ್ದನ್ನೂ ನೀನೇ ಹೇಳು. ನಾನು ಹೇಳಲ್ಲ.”

ಮನೆ ತಲುಪಿದಾಗ ಮೂರು ದಾಟಿತ್ತು. ಭಾವನ ಕಚೇರಿಯ ಬಾಗಿಲು ಹಾಕಿತ್ತು. ಕೆಲಸದ ದಿನ, ಹಗಲು ಹೊತ್ತು, ಆ ಬಾಗಿಲು ಹಾಕಿದ್ದನ್ನು ನಾನು ನೋಡಿದ್ದೇ ಇಲ್ಲ. ಮನೆಯ ಬಾಗಿಲು ಮಾತ್ರ ತೆರೆದಿತ್ತು. ಚಪ್ಪಲಿ ಕಳಚದೆ ಅಟ್ಟ ಹತ್ತಿದೆ.

ನನ್ನ ಬಟ್ಟೆಗಳು ಹಾಸಿಗೆಯ ಮೇಲೆ ನೀಟಾಗಿ ಮಡಿಸಿ ಇಟ್ಟಿದ್ದವು. ಟ್ರಂಕು ಬಾಯಿ ತೆರೆದುಕೊಂಡಿತ್ತು. ಅದರ ಪಕ್ಕ ಅಕ್ಕ ನೆಲದ ಮೇಲೆ ಕೂತಿದ್ದಳು. ಮಡಿಲಲ್ಲಿ ಹಾಳೆ. ಹಾಳೆಯ ಮೇಲೆ ಬೆಂಕಿಪೊಟ್ಟಣ.

“ಬಂದ್ಯಾ,” ಎಂದಳು. “ಕೂತ್ಕೋ.”

“ಅಕ್ಕಾ, ಅದು…”

“ಬೆಳಿಗ್ಗೆ ಆ ಮನೆ ಮಾಲೀಕ ಫೋನ್ ಮಾಡಿದ್ದ ನಿನ್ನ ಭಾವಂಗೆ. ಯಾರೋ ಫೈಲು ಕೇಳಿದಾರೆ ಅಂತ. ಇವರು ಮುಖ ಒರೆಸ್ಕೊಂಡು ಒಳಗೆ ಬಂದು, ‘ಆವತ್ತಿನ ಹಳೇ ಹಾಳೆ ಏನ್ ಮಾಡ್ದೆ?’ ಅಂದ್ರು. ಸುಟ್ಟೆ ಅಂದೆ. ಅಷ್ಟು ಹೇಳಿದ್ದಕ್ಕೆ ಬಾಗಿಲಿಗೆ ಒರಗಿ ನಿಂತುಬಿಟ್ರು ಕಣೇ, ಈಗಷ್ಟೇ ಜ್ವರ ಬಿಟ್ಟವರ ಹಾಗೆ. ಆಮೇಲೆ ಅವನನ್ನ ನೋಡೋಕೆ ಹೋದ್ರು.” ಅಕ್ಕ ಬೆಂಕಿಪೊಟ್ಟಣವನ್ನು ಕೈಗೆತ್ತಿಕೊಂಡಳು. “ಹದಿಮೂರು ವರ್ಷದಲ್ಲಿ ಅವರಿಗೆ ನಾನು ಹೇಳಿದ ಮೊದಲನೇ ಸುಳ್ಳು. ಅದನ್ನ ನಿಜ ಮಾಡಿಬಿಡ್ಲಾ ಅಂತ ಕೂತಿದೀನಿ.”

“ಬೇಡ ಅಕ್ಕಾ.”

“ಅವರನ್ನ ಕೇಳೋಕೆ ಧೈರ್ಯ ಇಲ್ಲ. ನಿನ್ನ ಕೇಳ್ತೀನಿ.” ಹಾಳೆಯನ್ನು ಬಿಡಿಸಿದಳು. “ನಂಗೆ ಇದು ಜೇಡರ ಬಲೆ. ನಿಂಗೆ ಓದೋಕೆ ಬರುತ್ತೆ. ಎಲ್ಲಾರೂ ಗೋಡೆ ಗೋಡೆ ಅಂತಾರಲ್ಲ, ಅದು ಇದರಲ್ಲಿ ಇದೆಯಾ? ಇದ್ರೆ ನಿನ್ನ ಭಾವ ತಪ್ಪು ಮಾಡಿಲ್ಲ. ತಗೊಂಡು ಹೋಗಿ ಯಾರಿಗ್ ಬೇಕಾದ್ರೂ ತೋರ್ಸು. ಇಲ್ಲಾಂದ್ರೆ ಈಗಲೇ, ಇಲ್ಲೇ, ಕಡ್ಡಿ ಗೀರ್ತೀನಿ. ಮಕ್ಕಳು ಶಾಲೆಯಿಂದ ಬರೋ ಮೊದಲೇ ಮುಗಿದುಹೋಗ್ಲಿ.”

ನಾನು ಹಾಳೆಯ ಮೇಲೆ ಬಗ್ಗಿದೆ.

ಅಂಗಡಿ. ಒಳಕೋಣೆ. ಸವೆದ ಮಡಿಕೆಯಲ್ಲಿ ತುದಿಯಿಲ್ಲದ ಬಾಣ. ನಡುವೆ ಇಂಕಿನ ಗೆರೆಯೇ ಇರಲಿಲ್ಲ. ಈ ತುದಿಯಿಂದ ಆ ತುದಿಗೆ ಪೊರಕೆ ಎಲ್ಲೂ ನಿಲ್ಲದಂತೆ ಖಾಲಿ.

ಆ ಖಾಲಿಯಲ್ಲಿ ಎರಡು ಪೆನ್ಸಿಲ್ ಗೆರೆ. ತೆಳ್ಳಗೆ, ನೇರವಾಗಿ. ಗೆರೆಯ ಕೊನೆಯಲ್ಲಿ ಸಣ್ಣ ಅಡ್ಡಗೀಟು. ಭಾವ ಮಾತ್ರ ಹಾಗೆ ಹಾಕುತ್ತಾರೆ. ‘ಪೆನ್ಸಿಲಿನದನ್ನೂ ಇಂಕಿನಲ್ಲಿ ಎಳಿ,’ ಎಂದಿದ್ದರು. ಎಳೆದಿದ್ದೆ.

ನಿಜ ಹೇಳಿದರೆ ಹಾಳೆ ಉಳಿಯುವುದಿಲ್ಲ. ಹಾಳೆ ಉಳಿಯಬೇಕಾದರೆ, ನನ್ನನ್ನು ಹೊತ್ತು ಬೆಳೆಸಿದವಳ ಮುಖ ನೋಡಿ ಸುಳ್ಳು ಹೇಳಬೇಕು.

“ನೀನು ಯಾವತ್ತೂ ನಂಗೆ ಸುಳ್ಳು ಹೇಳಿಲ್ಲ,” ಎಂದಳು ಅಕ್ಕ. “ಹೇಳು.”

ಪೆನ್ಸಿಲ್ ಗೆರೆಗಳ ಮೇಲೆ ಬೆರಳಿಟ್ಟೆ.

“ಇದೆ ಅಕ್ಕಾ. ನೋಡು, ಇಲ್ಲಿ. ಇದೇ ಗೋಡೆ.”

ಅಕ್ಕ ಉಸಿರು ಬಿಟ್ಟಳು. ಬೆಂಕಿಪೊಟ್ಟಣ ನೆಲಕ್ಕೆ ಬಂತು. ಹಾಳೆಯ ಒಂದು ಅಂಚನ್ನು ನಾನು ಮೆಲ್ಲಗೆ ಹಿಡಿದೆ.

ಆಗ ಬೆನ್ನ ಹಿಂದೆ ಕೇಳಿಸಿತು. ಟಿಕ್ ಟಿಕ್ ಟಿಕ್. ಹತ್ತಿಪ್ಪತ್ತು ಗಡಿಯಾರ, ಒಟ್ಟಿಗೆ.

ಅಟ್ಟದ ಮೆಟ್ಟಿಲಿನ ಕೊನೆಯಲ್ಲಿ ಗಡಿಯಾರದಮ್ಮ ನಿಂತಿದ್ದರು. ಹತ್ತಿದ ಏದುಸಿರು ಇನ್ನೂ ಇಳಿದಿರಲಿಲ್ಲ. ಅವರ ಕಣ್ಣು ನನ್ನ ಮೇಲಿರಲಿಲ್ಲ. ಹಾಳೆಯ ಮೇಲೆ, ನಾನು ಬೆರಳಿಟ್ಟ ಜಾಗದ ಮೇಲಿತ್ತು.

“ಹಾಗಾದ್ರೆ ಇತ್ತು,” ಎಂದರು. “ನಾನಿಲ್ದಾಗ ಇವರೇ ಒಡೆದಿರಬೇಕು.”

ಸೆರಗಿನಿಂದ ಬಾಯಿ ಮುಚ್ಚಿಕೊಂಡು ತಿರುಗಿದರು. ಟಿಕ್ ಟಿಕ್ ಸದ್ದು ಒಂದೊಂದೇ ಮೆಟ್ಟಿಲು ಇಳಿಯತೊಡಗಿತು.

ಕೂಗಬೇಕು. ಈಗಲೇ ಕೂಗಿ ಹೇಳಬೇಕು.

ಹಾಳೆಯ ಇನ್ನೊಂದು ಅಂಚನ್ನು ಅಕ್ಕ ಇನ್ನೂ ಬಿಟ್ಟಿರಲಿಲ್ಲ.